ಅಕ್ಕನ ಮಣ್ಣಿನ ಕೈ

ಮೊನ್ನೆ ನನ್ನ ಮೊಮ್ಮಗಳು ತನ್ನ ಕೂಸಿನ ಪಾದದ ಅಚ್ಚು ತೆಗೆಯಲು ಒಂದು ಡಬ್ಬಿ ತರಿಸಿದ್ದಳು. ಬಿಳಿ ಪುಡಿಗೆ ನೀರು ಬಿತ್ತು ನೋಡಿ, ಹೊಸದಾಗಿ ಸುಣ್ಣ ಬಳಿದ ಗೋಡೆಯಂಥ ವಾಸನೆ ಎದ್ದಿತು. ಕೂಸು ಕಾಲು ಝಾಡಿಸಿ ಅತ್ತಿತು. ನಾನು ಒಬ್ಬಳೇ ನಗುತ್ತ ಕೂತೆ. “ವಾಟ್ ಈಸ್ ಸೋ ಫನ್ನಿ, ಅಜ್ಜಿ?” ಎಂದಳು ಮೊಮ್ಮಗಳು. ಆ ಗದ್ದಲದಲ್ಲಿ ಅವಳಿಗೆ ಕೇಳಲು ಪುರುಸೊತ್ತೆಲ್ಲಿ? ನಿಮಗಿದ್ದರೆ ಇಲ್ಲಿ ಕೂತುಕೊಳ್ಳಿ, ಹೇಳುತ್ತೇನೆ.

ಆ ವಾಸನೆ ನಮ್ಮ ಕಾಕಾನದು. ನಲವತ್ತರ ದಶಕ, ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಕಾಲ. ಗೋಳಗುಮ್ಮಟದ ಕಡೆ ಮನೆ, ಅಪ್ಪನದು ಬಟ್ಟೆಯಂಗಡಿ. ಅಪ್ಪನ ತಮ್ಮ ಕಾಕಾ ಮುಂಬಯಿಗೆ ಹೋಗಿ ಆರ್ಟ್ ಕಲಿತು ಬಂದಿದ್ದ. ಕಲಿತದ್ದರಲ್ಲಿ ತಲೆಗೆ ಹತ್ತಿದ್ದು ಒಂದೇ: ಜೀವಂತ ಮನುಷ್ಯರ ಮೈಗೆ ಎಣ್ಣೆ ಸವರಿ, ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆಯುವುದು, ಅಚ್ಚಿನೊಳಗೆ ಜೇಡಿಮಣ್ಣು ಒತ್ತಿ, ಒಣಗಿಸಿ, ಟಿಕೋಟಾದ ಕುಂಬಾರ ಮಲ್ಲಪ್ಪನ ಆವಿಗೆಯಲ್ಲಿ ಸುಡಿಸುವುದು. ಬೆಳಗಾವಿಯ ಕಾನ್ವೆಂಟಿನಿಂದ ಹಾಲಿಡೇಸ್‌ಗೆ ನಾನು ಬಂದಾಗಲೆಲ್ಲ ಗೂಡುಗಳ ತುಂಬ ನಮ್ಮ ಫ್ಯಾಮಿಲಿ ತುಂಡುತುಂಡಾಗಿ ಕೂತಿರುತ್ತಿತ್ತು. ಅಜ್ಜನ ಮೂಗು, ಅಪ್ಪನ ಕಿವಿ, ಹಾಲು ಹಾಕುವ ದ್ಯಾಮವ್ವನ ಒಡೆದ ಹಿಮ್ಮಡಿ.

“ನನ್ನ ಒಡದ ಹಿಮ್ಮಡ ಮಂದಿಗೆ ತೋರಸಾಕತ್ತೀರಿ. ಅಚ್ಚಿಗೆ ಹಚ್ಚಿದ ಎಣ್ಣಿ ನನಗ ಕೊಟ್ಟಿದ್ರ ನೆಟ್ಟಗರೆ ಆಗತಿತ್ತು” ಎಂದು ದ್ಯಾಮವ್ವ ದಿನಾ ಹಂಗಿಸುವಳು.

ಇದಕ್ಕೆ ಟೆರಾಕೋಟ ಅನ್ನುತ್ತಾರೆ ಎಂದು ನಾನು ಸಿಸ್ಟರ್‌ಗಳಿಂದ ಕಲಿತ ಜ್ಞಾನ ಹಂಚಿದೆ. “ಮಣ್ಣಿಗೆ ಎಂಥಾ ಕೋಟ ಬೇ?” ಎಂದಳು ಅವ್ವ. ನನ್ನ ಎಜುಕೇಶನ್ನಿಗೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟೇ.

ಆ ಬೇಸಿಗೆಯಲ್ಲಿ ನಮ್ಮ ಶಾಂತಕ್ಕನಿಗೆ ಬಬಲೇಶ್ವರದ ಮನೆತನದಲ್ಲಿ ಮದುವೆ ಗೊತ್ತಾಯಿತು. ಹುಡುಗನನ್ನು ಅಕ್ಕ ನೋಡಿದ್ದು ಒಂದೇ ಸಲ. ಅಂದಿನಿಂದ ರೊಟ್ಟಿ ಬಡಿಯುವಾಗ ಹಾಡತೊಡಗಿದ್ದಳು. ನನಗೆ ಅಷ್ಟರಲ್ಲೇ ತಿಳಿಯಿತು.

ಸೊಸೆಗೆ ಬಂಗಾರದ ಪಾಟ್ಲಿ ಬಳೆ ಮಾಡಿಸಬೇಕು, ಕೈ ಅಳತೆ ಕಳಿಸಿರಿ ಎಂದು ಬೀಗತಿ ಹೇಳಿ ಕಳಿಸಿದರು. ಹಳೆಯದೊಂದು ಬಳೆ ಕಳಿಸುವುದು ರೂಢಿ. ಅವ್ವ ಬಳೆ ಹುಡುಕತೊಡಗಿದ್ದಳು. ಕಾಕಾ ಬಿಟ್ಟರೆ ತಾನೆ?

“ಬಳಿ ಯಾಕ ವೈನಿ? ಕೈನ ಕಳಸೂಣು! ಎಕ್ಸಾಕ್ಟ್ ಅಳತಿ. ಬೀಗರು ಬೆರಳ ಕಚ್ಚಬೇಕು.”

“ಮಣ್ಣಿನ ಬೆರಳ ಕಚ್ಚಿದ್ರ ಹಲ್ಲ ಮುರೀತಾವು” ಎಂದಳು ಅವ್ವ. ಆದರೂ ಪಡಸಾಲೆಯಲ್ಲಿ ಸಿದ್ಧತೆ ನಡೆಯಿತು. ಬಳೆಗಾರನ ಮುಂದೆ ಹಿಡಿಯುವಂತೆ ಹೆಬ್ಬೆರಳು ಒಳಗೆ ಮಡಚಿ ಅಕ್ಕ ಕೂತಳು. ಕಾಕಾ ಕುಸುಬಿ ಎಣ್ಣೆ ಸವರಿ ಪ್ಲಾಸ್ಟರ್ ಮೆತ್ತಿದ.

“ಕಾಕಾ, ಬಿಸಿ ಆಗಾಕತ್ತೈತಿ!”

“ಆಗಲಿ. ಮಿಸುಕಿದ್ಯೋ, ಪಾಟ್ಲಿ ಸೊಟ್ಟ ಆಗತಾವ ನೋಡು.”

ಅಕ್ಕ ಉಸಿರು ಬಿಗಿಹಿಡಿದಳು; ಉಸಿರಿಗೂ ಪಾಟ್ಲಿಗೂ ಸಂಬಂಧವೇನೋ. ಸುಟ್ಟು ಬಂದ ಕೈ ನೋಡಿ ನಾವು ಬೆರಗಾದೆವು. ಉಗುರು, ಗಿಣ್ಣು, ಹೆಬ್ಬೆರಳ ಬುಡದಲ್ಲಿ ಈಳಿಗೆ ತಾಗಿದ ಗಾಯದ ಗೆರೆ ಸಹ ಇತ್ತು. ಅದನ್ನು ಜೋಳದ ಕಣಿಕೆಯಲ್ಲಿ ಸುತ್ತಿ, ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಕಾ ತಾನೇ ಬಬಲೇಶ್ವರಕ್ಕೆ ಒಯ್ದ.

ಬಂಗಾರ ಇಡಿಸುವ ದಿನ ಬೀಗರು ಬಂದರು. ಮಣ್ಣಿನ ಕೈಯನ್ನೂ ತಂದಿದ್ದರು. ಬೀಗತಿ ಅಕ್ಕನ ಕೈ ಹಿಡಿದು ಪಾಟ್ಲಿ ಏರಿಸಿದರು. ಗಿಣ್ಣಿನ ಹತ್ತಿರ ನಿಂತಿತು. ಸೋಪು ಬಂತು, ಎಣ್ಣೆ ಬಂತು. ಅಕ್ಕನ ಕಣ್ಣಲ್ಲಿ ನೀರು ಬಂತು. ಪಾಟ್ಲಿ ಮಾತ್ರ ಮುಂದೆ ಹೋಗಲಿಲ್ಲ.

ಬೀಗತಿ ಅದನ್ನು ಮಣ್ಣಿನ ಕೈಗೆ ತೊಡಿಸಿದರು. ಸರಕ್ಕನೆ ಹೋಯಿತು. ಅವರ ದೃಷ್ಟಿ ಕಂಬದ ಬದಿಗಿದ್ದ ನನ್ನ ಮೇಲೆ ಬಿತ್ತು. “ಬಾ ಬೇ ಇಲ್ಲೆ” ಎಂದು ಕರೆದು ನನ್ನ ಕೈಗೆ ಏರಿಸಿದರು. ಅಯ್ಯೋ, ಪರ್ಫೆಕ್ಟ್ ಫಿಟ್!

“ತಂಗಿ ಕೈ ಕಳಿಸಿ ಅಕ್ಕನ್ನ ಕೊಡಾಕತ್ತೀರೇನ್ರಿ?” ಎಂದರು ಬೀಗತಿ. “ಕೈದಾಗ ಹಿಂಗ ಆದ್ರ ಉಳದದ್ದರಾಗ ಹೆಂಗ ನಂಬೂದು? ನಡ್ರಿ, ಗಾಡಿ ಹೂಡ್ರಿ.”

ಅಪ್ಪ ಬೆವರಿದ. ಬೀಗರ ಮುಂದೆ ಅಲ್ಲಿಯವರೆಗೆ ತಲೆ ಎತ್ತದ ಅಕ್ಕ ಎದ್ದಳು. ಮಣ್ಣಿನ ಕೈ ಎತ್ತಿಕೊಂಡು ತನ್ನ ಕೈಯ ಪಕ್ಕಕ್ಕೆ ಹಿಡಿದಳು.

“ನೋಡ್ರಿ ಅತ್ತಿ, ಈ ಈಳಿಗಿ ಗಾಯ ನಂದು. ಈಕಿ ಯಾವತ್ತು ಈಳಿಗಿ ಮುಂದ ಕುಂತಾಳ್ರಿ? ಕಾನ್ವೆಂಟದಾಕಿ. ಬದನಿಕಾಯಿಗೆ ಗುಡ್ ಮಾರ್ನಿಂಗ್ ಅಂತಾಳ.” ನಂತರ ದನಿ ಇಳಿಸಿ ಹೇಳಿದಳು: “ಹಸಿ ಸಂಡಗಿ ಒಣಗಿದ್ರ ಸಣ್ಣ ಆಗೂದಿಲ್ಲೇನ್ರಿ? ಮಣ್ಣೂ ಹಂಗ. ಒಣಗಿ, ಬೆಂದು ಸಣ್ಣ ಆಗೈತಿ. ನಮಗ್ಯಾರಿಗೂ ಹೊಳೀಲಿಲ್ಲ.”

ಬೀಗತಿ ಎರಡೂ ಗಾಯಗಳ ಮೇಲೆ ಬೆರಳಾಡಿಸಿದರು. ಗೆರೆಯೂ ಅದೇ, ಓರೆಯೂ ಅದೇ. ಒಂದು ಉದ್ದ, ಒಂದು ಗಿಡ್ಡ. ಅವರ ಹೊಟ್ಟೆ ಮೊದಲು ಕುಣಿಯಿತು, ನಗು ಆಮೇಲೆ ಹೊರಬಂತು.

“ತಮ್ಮಾ, ನಿನ್ನ ಕಾಲ ಬೀಳತೀನಿ, ನನ್ನ ಮಗನ ಅಚ್ಚ ಮಾತ್ರ ತಗೀಬ್ಯಾಡ” ಎಂದರು ಕಾಕಾನಿಗೆ. “ಮದಲ ಸಣ್ಣ ಆಳ ಅದಾನ!”

ಮದುವೆಗೆ ಹೊಸ ಪಾಟ್ಲಿ ಬಂದವು. ಆ ಸಲ ಅಳತೆಗೆ ಹೋದದ್ದು ಹಳೆಯ ಬಳೆ. ಕಾಕಾ ಟಿಕೋಟಾಕ್ಕೆ ಜಗಳಕ್ಕೆ ಹೋದರೆ ಮಲ್ಲಪ್ಪ, “ನನ್ನ ಯಾವ ಗಡಿಗೀನೂ ಇಲ್ಲೀತನಕ ಬಳಿ ಬೇಡಿಲ್ರಿ ಸಾಹೇಬ್ರ” ಎಂದು ಬೀಡಿ ಹಚ್ಚಿದನಂತೆ. ಸಣ್ಣ ಪಾಟ್ಲಿಗಳನ್ನು ಬೀಗತಿ ಕರಗಿಸಲು ಬಿಡಲಿಲ್ಲ. ಸೊಸೆಯ ಹೆಸರಿನಲ್ಲಿ ಮಾಡಿಸಿದ್ದು, ಮೊಮ್ಮಗಳಿಗೆ ಆಗುತ್ತವೆ ಎಂದರು. ಅಕ್ಕ ಸಾಲಾಗಿ ಗಂಡುಮಕ್ಕಳನ್ನೇ ಹೆತ್ತಳು.

ಇದೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂತಿರಲಾಗಲಿಲ್ಲ. ಭಾನುವಾರ ಕಾರು ಮಾಡಿಸಿಕೊಂಡು ಬಬಲೇಶ್ವರಕ್ಕೆ ಹೋದೆ. ಮನೆ ತುಂಬ ಮಂದಿ, ನಡುವೆ ಹೊರಸಿನ ಮೇಲೆ ಅಕ್ಕ, ತೊಂಬತ್ತು ದಾಟಿದ ಮಹಾರಾಣಿ. ಕೂಸಿನ ಪಾದದ ಕಥೆ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿ, ಸೊಸೆಗೆ ಹೇಳಿ ಆ ಸಣ್ಣ ಪಾಟ್ಲಿ ತರಿಸಿದಳು. ಸುಮ್ಮನೆ ಕೈಗೆ ಹಾಕಿಕೊಂಡಳು. ಸೋಪಿಲ್ಲ, ಎಣ್ಣೆಯಿಲ್ಲ, ಗಿಣ್ಣು ದಾಟಿ ಮುಂಗೈಗೆ ಬಂದು ನಿಂತಿತು.

ಅಷ್ಟು ಸಣ್ಣ ಕೈ. ಅಕ್ಕ ಅದನ್ನು ನನ್ನ ಮುಖದೆದುರು ಕುಣಿಸಿದಳು.

“ಅಳತಿ ಬರೋಬ್ಬರಿ ಇತ್ತ ಬೇ ತಂಗಿ” ಎಂದಳು. “ನಾನ ಇನ್ನೂ ಬೆಂದಿದ್ದಿಲ್ಲ.”