ತಣ್ಣೀರಿನ ಬಣ್ಣ

ನಮ್ಮ ಸೋದರಮಾವ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಬಣ್ಣದ ಮೇಸ್ತ್ರಿ. ಉಗುರು ಸದಾ ಕಂದು, ಮೂಗು ಸದಾ ಮೇಲೆ. ಅಲ್ಲಿ ಎರಡು ದೊಡ್ಡ ಮರದ ಪೀಪಾಯಿಗಳು ತಿರುಗುತ್ತಿದ್ದವು. ಮೊದಲನೆಯದರಲ್ಲಿ ಹಸಿ ಚರ್ಮ ಹದವಾಗಬೇಕು, ಆಮೇಲೆ ಎರಡನೆಯದರಲ್ಲಿ ಬಿಸಿನೀರಿನಲ್ಲಿ ಬಣ್ಣ ಹಿಡಿಯಬೇಕು. ಆ ಎರಡನೆಯದು ಮಾವನ ಸಾಮ್ರಾಜ್ಯ. ಅದರ ಮುಚ್ಚಳವನ್ನು ಬೇರೆ ಯಾರಾದರೂ ಮುಟ್ಟಿದರೆ ಮನೆಗೆ ಬಂದು ಅತ್ತೆಯ ಮೇಲೆ ಹಾರಾಡುತ್ತಿದ್ದರು. ಅತ್ತೆ ಆ ಪೀಪಾಯಿಯನ್ನು ಸವತಿ ಎಂದೇ ಕರೆಯುತ್ತಿದ್ದರು.

ಒಂದು ದಿನ ಕಾರ್ಖಾನೆಯ ಯಜಮಾನರು ಎಲ್ಲೋ ಹೊಸ ವಿಧಾನ ನೋಡಿಕೊಂಡು ಬಂದರು.

"ಹದ, ಬಣ್ಣ ಎರಡೂ ಒಂದೇ ಪೀಪಾಯೀಲಿ ಒಟ್ಟಿಗೆ ಆಗ್ಬೇಕು. ನೀರೂ ಉಳಿಯುತ್ತೆ, ಒಂದು ದಿನಾನೂ ಉಳಿಯುತ್ತೆ. ಒಂದ್ಸಲ ನೀವೇ ಮಾಡಿ ನೋಡಿ."

ಎರಡನೆಯ ಪೀಪಾಯಿ ಹೋದರೆ ತಾನೂ ಹೋದಂತೆ ಎಂಬುದನ್ನು ಮಾವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಗುವುದಿಲ್ಲ ಎನ್ನುವ ಧೈರ್ಯ ಅವರಿಗಿರಲಿಲ್ಲ; ಕೆಡಿಸುವ ಧೈರ್ಯ ಧಾರಾಳವಾಗಿತ್ತು. ಬಿಸಿನೀರಿಲ್ಲದೆ ಬಣ್ಣ ಹಿಡಿಯದು ಎಂದು ಮೂವತ್ತು ವರ್ಷ ಸಾರಿದವರು ಅಂದು ಬೇಕೆಂದೇ ಮೊದಲ ಪೀಪಾಯಿಗೆ ತಣ್ಣೀರು ತುಂಬಿಸಿದರು. ಹದದ ಪುಡಿ, ಬಣ್ಣದ ಪುಡಿ ಎರಡನ್ನೂ ಒಟ್ಟಿಗೆ ಸುರಿದು, ಪೀಪಾಯಿ ತಿರುಗಲು ಬಿಟ್ಟು, ಮನೆಗೆ ಬಂದು ಹೊಟ್ಟೆ ತುಂಬ ಉಂಡರು.

"ನಾಳೆ ನೋಡು, ಬರೀ ಕಲೆ ಕಲೆ ಚರ್ಮ. ಯಜಮಾನ್ರು ಮತ್ತೆ ಈ ಮಾತೆತ್ತಲ್ಲ," ಎಂದರು ಅತ್ತೆಗೆ.

ಮರುದಿನ ಎಲ್ಲರೆದುರು ಚರ್ಮದ ಅಂಚು ಕೊಯ್ದು ನೋಡಿದರು. ಮಾವ ಬಣ್ಣ ಹಾಕಿದ ಚರ್ಮದ ನಡುವೆ ಯಾವತ್ತೂ ಒಂದು ಬಿಳಿ ಗೆರೆ ಉಳಿಯುತ್ತಿತ್ತು. ಇದರಲ್ಲಿ ಗೆರೆಯೇ ಇಲ್ಲ. ಬಿಸಿನೀರು ಬಣ್ಣವನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತಿತ್ತು. ತಣ್ಣೀರು ನಿಧಾನವಾಗಿ ಒಳಕ್ಕೆ ಬಿಟ್ಟಿತ್ತು.

"ಇದು ನಿಮಗೆ ಹೇಗೆ ಹೊಳೀತು?" ಎಂದು ಯಜಮಾನರು ಬೆನ್ನು ತಟ್ಟಿದರು.

ಮಾವ ಸುಮ್ಮನಿದ್ದಿದ್ದರೆ ಸಾಕಿತ್ತು. ಹೊಗಳಿಕೆಗೆ ಕರಗಿ ನೀರಾದರು. "ಮೂವತ್ತು ವರ್ಷದ ಅನುಭವ ಅಲ್ವಾ," ಎಂದು ಎಷ್ಟು ನೀರು, ಎಷ್ಟು ಪುಡಿ, ಎಷ್ಟು ಹೊತ್ತು ಎಲ್ಲವನ್ನೂ ಬರೆಸಿದರು. ಅದನ್ನು ಮೊದಲ ಪೀಪಾಯಿಯ ಪಕ್ಕದ ಗೋಡೆಗೆ ಅಂಟಿಸಿದರು. ಆ ಪೀಪಾಯಿ ನೋಡಿಕೊಳ್ಳುವ ಹದದ ಮೇಸ್ತ್ರಿಗೆ ಓದಲು ಬರುತ್ತಿತ್ತು. ತಿಂಗಳೊಳಗೆ ಸವತಿಯನ್ನು ಬಿಚ್ಚಿ ಸೌದೆಗೆ ಹಾಕಿದರು, ಮಾವನನ್ನು ಮನೆಗೆ ಕಳಿಸಿದರು.

ಬೀಳ್ಕೊಡುವಾಗ ಅದೇ ಚರ್ಮದ ಕೈಚೀಲವೊಂದನ್ನು ಕೊಟ್ಟಿದ್ದರು. ಈಗ ಮಧ್ಯಾಹ್ನವೆಲ್ಲ ಮಾವ ಕಿಟಕಿಯ ಬಳಿ ಕೂತು, ಬೆಳ್ಳಗಾಗಿರುವ ಉಗುರಿನಿಂದ ಅದರ ಮೂಲೆ ಕೆರೆಯುತ್ತಾರೆ. ನೋಡಿದರೆ ನನಗೆ ಕೋಪವೂ ಬರುತ್ತದೆ, ಅಯ್ಯೋ ಪಾಪ ಎಂದೂ ಅನಿಸುತ್ತದೆ.

"ಏನ್ ಹುಡುಕ್ತಿದ್ದೀರಿ ಮಾವ?"

"ಎಲ್ಲಾದ್ರೂ ಒಂಚೂರು ಬಿಳಿ ಕಾಣುತ್ತಾ ಅಂತ."

ಕಾಣುವುದಿಲ್ಲ. ಅವರ ಜೀವಮಾನದಲ್ಲೇ ಅಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ.