ಕೂಸಿನ ಪಾಲು

ನಮ್ಮ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಶರಣಬಸಮ್ಮ ವರ್ಷಕ್ಕೆ ಕೇಳುವುದು ಒಂದೇ ರಜೆ, ನಾಗರಪಂಚಮಿಗೆ. ಗಣಪತಿಗೆ ಬೇಡ, ದೀಪಾವಳಿಗೆ ಬೇಡ, ಜ್ವರ ಬಂದರೂ ಕೂತ ಜಾಗ ಬಿಟ್ಟು ಏಳುವವಳಲ್ಲ. ಪಂಚಮಿಯ ದಿನ ಮಾತ್ರ ಬ್ರಹ್ಮ ಬಂದು ಹೇಳಿದರೂ ನಿಲ್ಲುವುದಿಲ್ಲ. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ತುರ್ಭೆಯಲ್ಲಿ ಉಡುಪಿ ಹೋಟೆಲು ನಡೆಸುವವರು ರಜೆ ಕೊಡುವುದೇ ದೊಡ್ಡದು, ಕಾರಣ ಬೇರೆ ವಿಚಾರಿಸುತ್ತೇವೆಯೇ!

ಈ ವರ್ಷ ಅವಳೇ ಬಂದು ಕರೆದಳು. "ಅಕ್ಕಾರ, ನನ್ನ ಸಂಗಾಟ ಬರ್ತೀರೇನ್ರಿ? ಮನ್ಯಾಗಿನವ್ರು ಹೋದ ಮ್ಯಾಗ ಒಬ್ಬಾಕಿಗೆ ಹೋಗ್ಲಿಕ್ಕ ಎದಿ ಒಡೀತದ."

ಹೋಗಬೇಕಾದದ್ದು ಕಲ್ಯಾಣದ ಆಚೆ. ಅಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಗೆ ಹಿಂದೆ ಗೂಡ್ಸ್ ಗಾಡಿಯ ಹಳಿ ಇತ್ತು. ಹಳಿ ಕಿತ್ತ ಮೇಲೆ ಪೊದೆ ಬೆಳೆದು ಬಿದ್ದಿದ್ದ ದಾರಿಯನ್ನು ಈ ಒಂದು ವರ್ಷದೊಳಗೆ ವಾಕಿಂಗ್ ಟ್ರೇಲ್ ಮಾಡಿದ್ದಾರೆ. ಕೆಲಸ ನಡೆಯುವಷ್ಟು ಕಾಲ ಬೇಲಿ ಹಾಕಿ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಡೊಂಬಿವಲಿಯ ನನ್ನ ತಂಗಿ ಅಲ್ಲಿನ ಫೋಟೋ ಕಳಿಸಿ ಹೊಟ್ಟೆ ಉರಿಸಿದ್ದಳು. ನಾನು ಹೊರಟದ್ದು ಪುಣ್ಯಕ್ಕೇನಲ್ಲ, ಹಸಿರು ನೋಡುವ ಚಪಲಕ್ಕೆ.

ಠಾಣೆಯಲ್ಲಿ ಗಾಡಿ ಬದಲಿಸಿ ಕಲ್ಯಾಣದ ಲೋಕಲ್‌ನಲ್ಲಿ ಕೂತ ಮೇಲೆ ಅವಳು ಬಾಯಿ ಬಿಟ್ಟಳು. ಮಡಿಲಲ್ಲಿ ಹಾಲಿನ ತಂಬಿಗೆ, ಅದರ ಬಾಯಿಗೆ ಒದ್ದೆ ಬಟ್ಟೆ.

ಕಲಬುರಗಿಯಿಂದ ಬಂದ ಹೊಸತರಲ್ಲಿ ಅವಳ ಗಂಡ ಮಾಪಣ್ಣ ಆ ಹಳಿಯ ಗ್ಯಾಂಗಿನಲ್ಲಿ ದುಡಿಯುತ್ತಿದ್ದ. ಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲೇ ಅವಳಿಗೆ ಗಂಡು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಮೊದಲೇ, ಹೆಸರಿಡುವ ಮೊದಲೇ ಹೋಯಿತು. ಹೊರಗೆ ಧೋ ಎಂದು ಮಳೆ, ಹಳ್ಳ ತುಂಬಿ ಸ್ಮಶಾನದ ದಾರಿ ಬಂದ್. ರೈಲಿನ ಜಾಗ ಇಲ್ಲಿಯತನಕ ಎಂದು ನೆಟ್ಟಿದ್ದ ಒಂದು ಗಡಿಕಲ್ಲಿನ ಬುಡದಲ್ಲಿ ಮಾಪಣ್ಣ ಮಗನನ್ನು ಮಣ್ಣು ಮಾಡಿ, ಗುರುತಿಗೆಂದು ಸುತ್ತಿಗೆಯಿಂದ ಕಲ್ಲಿನ ಒಂದು ಮೂಲೆ ಒಡೆದ.

"ಗಿಡ ಕಡೀತಾರ, ಗುಡಿಸಲ ಕೀಳ್ತಾರ, ರೈಲಿನ ಕಲ್ಲ ಯಾರ ಮುಟ್ತಾರ ಅಂದ್ರು. ನಾನೂ ಖರೇ ಅಂದೆ" ಎಂದಳು.

ಆಮೇಲೆ ಅವಳ ಮಡಿಲು ತುಂಬಲಿಲ್ಲ. ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವಾಗ ಅವರ ಕಡೆ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರದೂ ಹೇಳಿ ಎರೆಯುತ್ತಾರೆ. ಎಲ್ಲರದೂ ಮನೆಯಲ್ಲೇ ಮುಗಿಸಿ, ಕೂಸಿನ ಪಾಲನ್ನು ಮಾತ್ರ ಗಂಡಹೆಂಡತಿ ಆ ಕಲ್ಲಿನ ಬುಡಕ್ಕೆ ಒಯ್ಯುತ್ತಿದ್ದರು. ಹೋದ ಚಳಿಗಾಲದಲ್ಲಿ ಮಾಪಣ್ಣ ತೀರಿಕೊಂಡ. ಕಡೆಗೆ ಆಡಿದ ಮಾತು, "ಕೂಸಿನ ಪಾಲ ತಪ್ಪಿಸಬ್ಯಾಡ."

ದಾರಿ ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ? ಎರಡೂ ಕಡೆ ಗದ್ದೆ, ದೂರದ ಗುಡ್ಡದಿಂದ ಇಳಿಯುವ ಬಿಳಿ ನೀರು, ಕೊಕ್ಕರೆ, ತಣ್ಣನೆ ಗಾಳಿ. ಶರಣಬಸಮ್ಮ ಒಮ್ಮೆಯೂ ತಲೆ ಎತ್ತಲಿಲ್ಲ. ದಾರಿಯ ಅಂಚನ್ನೇ ನೋಡುತ್ತಾ, ಹುಲ್ಲು ಸರಿಸುತ್ತಾ ನಡೆದಳು. ಹಳೆಯ ದಿಬ್ಬವನ್ನು ಸಮ ಮಾಡಿ ಸಿಮೆಂಟಿನ ಬ್ಲಾಕ್ ಹಾಸಿದ್ದರು. ಶೆಡ್ಡಿನ ಸುಳಿವಿಲ್ಲ, ಹಳ್ಳ ಪೈಪಿನೊಳಗೆ ಹೋಗಿತ್ತು, ಸಾಲಾಗಿ ಒಂದೇ ಎತ್ತರದ ಹೊಸ ಗಿಡಗಳು. ಗಡಿಕಲ್ಲು ಒಂದೂ ಇರಲಿಲ್ಲ.

"ಇಲ್ಲೇ ಇತ್ರಿ" ಎನ್ನುತ್ತಿದ್ದಳು. ಸ್ವಲ್ಪ ಮುಂದೆ ಹೋಗಿ, "ಇಲ್ರಿ, ಇದಲ್ಲ."

"ಹೆದರಬೇಡ ಮಾರಾಯ್ತಿ, ಮುಂದೆ ಸಿಕ್ಕೀತು" ಎಂದೆ. ನಾನೂ ಆಚೆ ಅಂಚಿನ ಹುಲ್ಲು ಸರಿಸತೊಡಗಿದೆ.

ಸಿಕ್ಕಿತು. ದಾರಿ ಮುಗಿಯುವಲ್ಲಿ, ಸೆಲ್ಫಿ ತೆಗೆಯುವ ಕಟ್ಟೆಯ ಸುತ್ತ, ಕಲ್ಲುಗಳಿಗೆಲ್ಲ ಬಿಳಿ ಬಣ್ಣ ಬಳಿದು ಕೂರಲಿಕ್ಕೆಂದು ನೆಟ್ಟಿದ್ದರು. ಮೂಲೆ ಒಡೆದದ್ದರ ಮೇಲೆ ಒಬ್ಬ ಹುಡುಗಿ ವಡಾಪಾವ್ ತಿನ್ನುತ್ತಿದ್ದಳು. ಶರಣಬಸಮ್ಮನನ್ನು ನೋಡಿ ಪಾಪ ಅದು ತಾನಾಗಿ ಎದ್ದಿತು. ಇವಳು ಕಲ್ಲಿನ ಮುರುಕು ಮೂಲೆಯನ್ನು ತಡವಿ ನಕ್ಕೇಬಿಟ್ಟಳು. ಆಮೇಲೆ ಬುಡ ನೋಡಿದಳು. ಗಟ್ಟಿ ಸಿಮೆಂಟು.

ಅಲ್ಲಿನ ಕಾವಲುಗಾರನನ್ನು ಕೇಳಿದೆ. "ಜೆಸಿಬಿ ಸಬ್ ಏಕ್ ಸಾಥ್ ಉಠಾಕೆ ಲಾಯಾ, ಮಾವಶಿ. ಕೌನ್ಸಾ ಕಹಾಂ ಕಾ, ಕಿಸಕೋ ಪತಾ?" ಎಂದ. ಜೆಸಿಬಿ ಎಲ್ಲವನ್ನೂ ಒಟ್ಟಿಗೆ ಎತ್ತಿ ತಂದದ್ದಂತೆ, ಯಾವುದು ಎಲ್ಲಿಯದೆಂದು ಅವನಿಗಷ್ಟೇ ಅಲ್ಲ, ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವನೊಬ್ಬ ಮಣ್ಣು ಸೇರಿದ್ದ. ಆ ಜೆಸಿಬಿಯ ಮೇಲೆ, ಆ ಸುಣ್ಣಬಣ್ಣದ ಮೇಲೆ, ಫೋಟೋ ಕಳಿಸಿದ ತಂಗಿಯ ಮೇಲೂ ನನಗೆ ಮೈಯೆಲ್ಲ ಉರಿಯಿತು.

"ಕಲ್ಲು ಅದೇ ಅಲ್ಲವಾ? ಇದಕ್ಕೇ ಎರೆದುಬಿಡು" ಎಂದೆ.

"ಕಲ್ಲಿಗೇನ ಹಸಿವಿ ಇರ್ತದೇನ್ರಿ ಅಕ್ಕಾರ?"

ತಂಬಿಗೆಯ ಬಟ್ಟೆ ಬಿಚ್ಚಿ, ಬಂದ ದಾರಿಗೇ ತಿರುಗಿದಳು. ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ, ಬ್ಲಾಕಿನ ಅಂಚಿನ ಮಣ್ಣಿಗೆ ಒಂದು ಹನಿ. "ಕೂಸಿನ ಪಾಲು." ಮತ್ತೆ ನಾಲ್ಕು ಹೆಜ್ಜೆ. "ಕೂಸಿನ ಪಾಲು." ಎದುರು ಬರುತ್ತಿದ್ದವರು ಸರಿದು ದಾರಿ ಬಿಟ್ಟರು. ನಾನು ಕೊಡೆ ಹಿಡಿದು ಹಿಂದೆ ನಡೆದೆ.

ಅರ್ಧ ದಾರಿಗೂ ಬಂದಿರಲಿಲ್ಲ. ತಂಬಿಗೆಯನ್ನು ಪೂರ್ತಿ ಬೋರಲು ಹಿಡಿದು ಒಮ್ಮೆ ಜಾಡಿಸಿದಳು. ನನ್ನ ಮುಖ ನೋಡಿದಳು.

"ಹಾಲ ಮುಗೀತ್ರಿ ಅಕ್ಕಾರ. ಹಾದಿ ಇನ್ನಾ ಅದ."