ಖಾರದ ಗಿಳಿ

ಮೊನ್ನೆ ಮೊಮ್ಮಗಳು ಹುಬ್ಬಳ್ಳಿಯಿಂದ ಒಂದು ಸಣ್ಣ ಪೆಟ್ಟಿಗೆ ತಂದಳು. ಯಾರೋ ಮನೆಯಲ್ಲಿ ಕೈಯಾರೆ ಮಾಡಿ ಮಾರುವ ಚಾಕಲೇಟ್ ಅಂತೆ. ಒಂಬತ್ತು ಬಿಲ್ಲೆ, ಒಂದೊಂದಕ್ಕೂ ಒಂದೊಂದು ಗೂಡು, ಮೇಲೆ ರೇಷ್ಮೆ ದಾರ. ಮದುವೆ ಸೀರೆಯನ್ನೂ ಇಷ್ಟು ಜತನದಿಂದ ಕಟ್ಟಿಕೊಡುವುದಿಲ್ಲ. ಮುಚ್ಚಳ ತೆಗೆದರೆ ಹುರಿದಂಥ ಕಹಿ ವಾಸನೆ... ಒಂದನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಬೆನ್ನಿಗೇ ಕಹಿ, ಕೊನೆಗೆ ಗಂಟಲ ಹತ್ತಿರ ಸಣ್ಣಗೆ ಮೆಣಸಿನಕಾಯಿ! ಅಜ್ಜಿ ಬೆಚ್ಚಿಬೀಳಲಿ ಎಂದು ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೆಚ್ಚಲಿಲ್ಲ. ನನಗೆ ಗುಡಗೇರಿಯ ಕಾಕಾ ನೆನಪಾದರು.

ಎಂಬತ್ತರ ದಶಕದ ನಡುವಿನ ಮಾತು. ನಾನು ಗುಡಗೇರಿಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ನಮ್ಮ ಹಿತ್ತಲಿಗೂ ಬಾಜೂ ಮಿಠಾಯಿ ಅಂಗಡಿಯ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಅದರಾಚೆ ಕಾಕಾ ಬೆಳಗಿನಿಂದ ಕಡಾಯಿ ಮುಂದೆ ಬೆವರುತ್ತ ನಿಂತಿರುತ್ತಿದ್ದರು. ನಮ್ಮ ಬಳಗದವರೇನಲ್ಲ. ಊರಿಗೆಲ್ಲ ಕಾಕಾ, ಹಾಗಾಗಿ ನನಗೂ ಕಾಕಾ. ನಾನು ಆಗ ಬಹಳ ಬಾಯಿಚಪಲದವಳು. ಈಗಲೂ ಏನೂ ಕಡಿಮೆಯಿಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದರೋ ಇಲ್ಲವೋ, ಬಟ್ಟೆ ಒಣಹಾಕುವ ನೆಪದಲ್ಲಿ ಗೋಡೆಯ ಹತ್ತಿರ ಹೋಗುತ್ತಿದ್ದೆ. ಕಾಕಾ ಏನೂ ಕೇಳದೆ ಏನಾದರೊಂದು ತುಣುಕು ಗೋಡೆಯ ಮೇಲೆ ಇಡುತ್ತಿದ್ದರು.

ಒಂದು ದಿನ ಬರ್ಫಿ ಇಟ್ಟರು. ಕಚ್ಚಿದೆ. ಬರೀ ಉಪ್ಪು.

“ಕಾಕಾ, ಇದನ್ನ ನೀವು ತಿಂದು ನೋಡೀರೇನ್ರಿ?”

ಅವರ ಮುಖ ಸಣ್ಣದಾಯಿತು. ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿ ಗೋಡೆಗೆ ಬಂದು ನಿಂತರು.

“ತಿಂದ್ರೂ ತಿಳಿಯಂಗಿಲ್ಲ ತಂಗಿ. ಎರಡ ವರ್ಷದ ಹಿಂದ ವಿಷಮಜ್ವರ ಬಂದಿತ್ತು. ಅವತ್ತಿನಿಂದ ನಾಲಿಗಿ ಅನ್ನೂದು ಚಪ್ಪಲಿ ತೊಗಲ ಆಗೇತಿ. ಖಾರ ಮುಟ್ಟಬ್ಯಾಡ ಅಂತ ಡಾಕ್ಟರ್ ಅವಾಗ ಅಂದಿದ್ದ, ನಿಮ್ಮ ಕಾಕು ಇನ್ನೂ ಸಪ್ಪನ ಬ್ಯಾಳಿ, ಮಸರನ್ನಾನ ಹಾಕ್ತಾಳ. ಆಕಿಗೂ ನಾ ಇದನ್ನ ಹೇಳಿಲ್ಲ. ನೀ ಎಲ್ಲೂ ಬಾಯಿ ಬಿಡಬ್ಯಾಡ. ರುಚಿ ತಿಳೀದ ಮಿಠಾಯಿಗಾರನ ಅಂಗಡಿಗೆ ಯಾರ್ ಬರ್ತಾರ?”

ಅಂದಿನಿಂದ ಕಾಕಾನ ನಾಲಿಗೆ ನಾನಾದೆ. ದಿನವೂ ಒಂದು ತುಣುಕು ಗೋಡೆ ಮೇಲೆ ಬರುತ್ತಿತ್ತು, “ಹೆಂಗೈತಿ?” ಎಂಬ ಪ್ರಶ್ನೆಯೂ. ಸಕ್ಕರೆ ಹೆಚ್ಚು, ತುಪ್ಪ ಸೀದಿದೆ, ಯಾಲಕ್ಕಿ ಸಾಲದು ಎಂದು ನಾನು ವರದಿ ಒಪ್ಪಿಸುತ್ತಿದ್ದೆ. ಇಂಥ ನೌಕರಿ ಯಾವ ಸೊಸೆಗೆ ಸಿಕ್ಕೀತು!

ಒಂದು ಸಲ ಕಾಕಾ ಹುಬ್ಬಳ್ಳಿಗೆ ಹೋದವರು ಕೋಕೋ ಪುಡಿಯ ಡಬ್ಬಿ ತಂದರು. ಪೇಟೆ ಚಾಕಲೇಟಿಗೆ ಹುಡುಗರು ಬಾಯಿ ಬಿಡುತ್ತಿದ್ದ ಕಾಲ. ತಾವೂ ಮಾಡಬೇಕೆಂಬ ಹಟ ಅವರಿಗೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಗೊಂಬೆ ಎರೆಯುವ ಕಟ್ಟಿಗೆಯ ಅಚ್ಚುಗಳು ವರ್ಷವಿಡೀ ಅಟ್ಟದ ಮೇಲೆ ಖಾಲಿ ಕೂತಿರುತ್ತಿದ್ದವು, ಅವನ್ನೇ ಇಳಿಸಿದರು. ಖೋವಾ, ಬೆಲ್ಲ, ತುಪ್ಪ, ಕೋಕೋ ಕಲಸಿ ಒತ್ತಿದರೆ ಕಪ್ಪು ಕಪ್ಪು ಗಿಳಿ, ಆನೆ. ನೋಡಲು ಚಂದ. ತಿಂದರೆ ಮೊದಲ ಸಲದ್ದು ನೆಲ ಸಾರಿಸುವ ಮಣ್ಣು, ಎರಡನೆಯದು ಕೆಮ್ಮಿನ ಕಷಾಯ.

ಮೂರನೆಯದನ್ನು ಸಂತೆಯ ಹಿಂದಿನ ದಿನ ಮಾಡಿದರು. ಬಾಯಿಗೆ ಹಾಕಿಕೊಂಡೆ. ಸಿಹಿ, ಕಹಿ... ಆಮೇಲೆ ಕಿವಿಯಲ್ಲಿ ಹೊಗೆ! ಅದು ಊರಿಗೆ ಊರೇ ವರ್ಷದ ಖಾರ ಕುಟ್ಟುವ ವಾರ. ಎಲ್ಲ ಮನೆಯಲ್ಲೂ ಸೀನು. ಬೆಳಿಗ್ಗೆ ಕಾಕಾನ ಹೆಂಡತಿ ಕಾಕು ಬ್ಯಾಡಗಿ ಮೆಣಸಿನಕಾಯಿ ಕುಟ್ಟಿದ್ದ ಒರಳನ್ನು ತೊಳೆಯದೆಯೇ ಕಾಕಾ ಅದರಲ್ಲಿ ಬೆಲ್ಲ ಕುಟ್ಟಿಬಿಟ್ಟಿದ್ದರು.

ನಿಜ ಹೇಳಬೇಕಿತ್ತು. ಆದರೆ ನನಗೆ ಒಳಗೊಳಗೇ ನಗು. ಮೇಲಾಗಿ ಇನ್ನೊಂದು ತಿನ್ನುವ ಆಸೆ.

“ಅಗದಿ ಛಲೋ ಆಗೇತ್ರಿ ಕಾಕಾ. ಹಿಂಗ ಇರ್ಲಿ.”

ಕಾಕಾ ಗೋಡೆಯ ಮೇಲೆ ಬಾಗಿ ನನ್ನ ಮುಖ ನೋಡಿದರು. “ಖರೇನ?”

“ಖರೇನ್ರಿ!”

ಮರುದಿನ ಅತ್ತೆಯ ಹಿಂದೆ ಚೀಲ ಹಿಡಿದು ಸಂತೆಗೆ ಹೊರಟಾಗಲೇ ನನಗೆ ಬುದ್ಧಿ ಬಂದದ್ದು. ಮಿಠಾಯಿಯಲ್ಲಿ ಖಾರ ಎಂದು ಒಬ್ಬರು ಉಗುಳಿದರೂ ಸಾಕು, ಕಾಕಾನ ಗುಟ್ಟು ರಟ್ಟು, ಅಂಗಡಿ ಮುಳುಗಿತು. ಅದೂ ನನ್ನ ನಾಲಿಗೆಯಿಂದ. ಸಂತೆ ಮುಟ್ಟಿದ್ದೇ ಅತ್ತೆ ನೇರವಾಗಿ ಕಾಕಾ ಮಾರಲು ಇಟ್ಟಿದ್ದ ತಟ್ಟೆಯ ಮುಂದೆ ನಿಂತು, ಒಂದು ಗಿಳಿ ಎತ್ತಿ, ಅದರ ತಲೆ ಕಚ್ಚಿದರು. ಕಣ್ಣು ಅಗಲವಾಯಿತು. ಮೂಗು ಕೆಂಪಾಯಿತು.

“ಹಾ... ಹಾ... ಏನೋ ತಮ್ಮಾ ಇದು! ಗಿಳಿ ಹೊಟ್ಯಾಗ ಬೆಂಕಿ ಇಟ್ಟೀಯಲ್ಲೋ!”

ನಾನು ಚೀಲದ ಹಿಂದೆ ಮುಖ ಮರೆಸಿದೆ. ನಾಲ್ಕು ಜನ ತಿರುಗಿ ನೋಡಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಗಿಳಿಯನ್ನೂ ಬಾಯಿಗೆ ಹಾಕಿಕೊಂಡು ಅಂದರು: “ಇನ್ನೆರಡ ಕೊಡು. ಒಂದ ಆನೀನೂ ಹಾಕು.”

ಅಷ್ಟೇ ಸಾಕಾಯಿತು. ಜನ ಮುತ್ತಿಕೊಂಡರು. ಹಾ ಹಾ ಎನ್ನುವುದು, ನೀರು ಕುಡಿಯುವುದು, ಮತ್ತೆ ಬಂದು ಕೈಚಾಚುವುದು. ಮಧ್ಯಾಹ್ನದೊಳಗೆ ತಟ್ಟೆ ಖಾಲಿ.

ನನಗೆ ಮಾತ್ರ ತಡೆಯಲಾಗಲಿಲ್ಲ. ಸಂಜೆ ಗೋಡೆಗೆ ಹೋದೆ.

“ಕಾಕಾ, ತಪ್ಪಾತ್ರಿ. ಅದರಾಗ ಖಾರ ಇತ್ತು. ನನಗ ಗೊತ್ತಿತ್ತು.”

ಕಾಕಾ ಗೋಡೆ ಹಿಡಿದುಕೊಂಡು ನಕ್ಕರು.

“ನನಗೂ ಗೊತ್ತಿತ್ತಲೇ ಹುಚ್ಚಿ! ರುಚಿ ಸತ್ತೈತಿ, ಉರಿ ಎಲ್ಲಿ ಸತ್ತೈತಿ? ನೀ ಬರೂಕಿಂತ ಮೊದಲ ಒಂದ ಚೂರು ಬಾಯಾಗ ಹಾಕ್ಕೊಂಡಿದ್ದೆ. ಚುರ್ ಅಂತು. ಎರಡ ವರ್ಷದ ಮ್ಯಾಲೆ ನನ್ನ ನಾಲಿಗಿ ನನ್ನ ಜೋಡಿ ಮಾತಾಡ್ತು ತಂಗಿ. ಒಲಿ ಮುಂದ ಕುಂತು ಅತ್ತಬಿಟ್ಟೆ.”

“ಮತ್ತ ನನ್ನ ಯಾಕ ಕೇಳಿದ್ರಿ?”

“ಉರಿ ನನಗ ತಿಳೀತದ, ರುಚಿ ತಿಳಿಯಂಗಿಲ್ಲಲ್ಲ. ಕೆಟ್ಟಿದ್ರ ನೀ ಬೈಲಾರದ ಬಿಡಾಕಿ ಅಲ್ಲ. ಖಾರ ಮುಚ್ಚಿಟ್ಟು ಸುಳ್ಳ ಹೇಳಿದಿ... ಅಂದ್ರ ಇನ್ನೊಂದ ತಿನ್ನೂ ಆಸೆ, ಭಾಳ ಛಲೋ ಇರಬೇಕು ಅಂತ ತಿಳಕೊಂಡೆ.”

ಆಮೇಲೆ ಪ್ರತಿವರ್ಷ ಖಾರ ಕುಟ್ಟುವ ದಿನಗಳಲ್ಲಿ ಕಾಕಾ ಬೇಕೆಂದೇ ಆ ಗಿಳಿಗಳನ್ನು ಮಾಡಿದರು. ಮುಂದೆ ನಾವು ಕುಂದಗೋಳಕ್ಕೆ ಬಂದೆವು. ಕಾಕಾ ಹೋದ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ... ಈಗ ಆ ಅಂಗಡಿಯೂ ಇಲ್ಲ, ಗೋಡೆಯೂ ಇಲ್ಲ.

“ಹೆಂಗೈತಿ ಅಜ್ಜಿ?” ಎಂದಳು ಮೊಮ್ಮಗಳು, ಪೆಟ್ಟಿಗೆಗೆ ಕೈ ಹಾಕುತ್ತ.

ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. “ಅಗದಿ ಕೆಟ್ಟ ಐತಿ ಬೇ. ನೀ ತಿನಬ್ಯಾಡ.”

ಅವಳು ನಂಬಿ ಎದ್ದು ಹೋದಳು, ಪಾಪ. ಉಳಿದ ಎಂಟನ್ನೂ ನಾನೇ ತಿಂದೆ. ನನ್ನ ಸುಳ್ಳಿನ ರುಚಿ ಬಲ್ಲವರು ಇದ್ದದ್ದು ಒಬ್ಬರೇ. ಅವರಿದ್ದಿದ್ದರೆ ಗೋಡೆಯಾಚೆಯಿಂದ “ಖರೇನ?” ಎಂದು ಕೇಳಿರುತ್ತಿದ್ದರು.